ಹಳೆ ಎಸ್ಟೀಮ್‌ಗೆ ನ್ಯಾವಿಗೇಷನ್ ಸೆಟ್: ಯಾವುದು ಕೂರುತ್ತದೆ, ವಯರು ಎಲ್ಲಿಂದ, ಆಂಟೆನಾ ಎಲ್ಲಿ?

ಬದಿಯಡ್ಕ_ಎಸ್ಟೀಮ್

ಗಾಡಿ 2005ರ ಮಾರುತಿ ಎಸ್ಟೀಮ್, ಪೆಟ್ರೋಲ್. ಸ್ಟೀರಿಯೋಗೆ ಇರುವುದು ಒಂದು ಡಿನ್ (ಸ್ಟೀರಿಯೋಗಳಿಗೆ ನಿಗದಿಯಾದ ಅಳತೆ) ಜಾಗ, ಅದರ ಕೆಳಗೆ ಸಾಮಾನು ಇಡುವ ಸಣ್ಣ ಕಿಸೆ. ಈಗ ಇರುವುದು ಹಳೆ ಸಿಡಿ ಸೆಟ್. ಕಂಪೆನಿಯ ಕನೆಕ್ಟರ್ ಯಾವತ್ತೋ ಕತ್ತರಿಸಿ ಹೋಗಿದೆ, ಹಿಂದೆ ನೋಡಿದರೆ ಟೇಪು ಸುತ್ತಿದ ಜಾಯಿಂಟುಗಳೇ ಉಂಟು.

ಓಡಾಟ ಹೆಚ್ಚಾಗಿ ಕೇರಳ–ಕರ್ನಾಟಕ ಗಡಿ ದಾಟುವ ಬದಿಯಡ್ಕ–ಪೆರ್ಲ–ವಿಟ್ಲ ಮತ್ತು ಮುಳ್ಳೇರಿಯ–ಜಾಲ್ಸೂರು–ಸುಳ್ಯ, ತಿಂಗಳಿಗೆ ಒಂದೆರಡು ಸಲ ಹೆದ್ದಾರಿಯಲ್ಲಿ ಮಂಗಳೂರಿಗೆ. ಒಳಗಿನ ದಾರಿಗಳಲ್ಲಿ ನೆಟ್ ಬಂದು ಹೋಗಿ ಮಾಡುತ್ತದೆ. ಕೆಲವೊಮ್ಮೆ ಗಾಡಿ ಹತ್ತು ಹದಿನೈದು ದಿನ ಶೆಡ್ಡಿನಲ್ಲೇ ನಿಲ್ಲುತ್ತದೆ. ಬ್ಯಾಟರಿ 35 ಎಎಚ್ (ಆಂಪಿಯರ್-ಗಂಟೆ).

ಒಂದು ಡಿನ್ ಜಾಗಕ್ಕೆ ಯಾವ ಜಾತಿಯ ಸೆಟ್ ಹಾಕುವುದು ಒಳ್ಳೆಯದು? ಅಂಗಡಿಯವರು ಈಗಿರುವ ಜಾಯಿಂಟಿಗೇ ಸೇರಿಸಿ ಕೊಡುತ್ತೇವೆ ಎನ್ನುತ್ತಾರೆ, ಅದು ಸರಿಯೋ, ವಯರು ಹೊಸದಾಗಿ ಎಳೆಯಬೇಕೋ? ದುಬೈಯಿಂದ ಬಂದ ಒಂದು ಹಳೆ ನ್ಯಾವಿಗೇಷನ್ ಸೆಟ್ ಕಡಿಮೆಗೆ ಸಿಗುವುದುಂಟು, ತೆಗೆದುಕೊಳ್ಳಬಹುದೋ? ಭಾರತದ್ದೇ ಉಪಗ್ರಹ ವ್ಯವಸ್ಥೆ ನಾವಿಕ್ ಇರುವ ಸೆಟ್ಟೇ ಬೇಕೋ?


ಹಳೆಗಾಡಿ_ಉಪ್ಪಳ

ಮೊದಲು ದುಬೈ ಸೆಟ್ಟಿನ ವಿಷಯ ಮುಗಿಸುವ. ಬೇಡ. ಅಲ್ಲಿಂದ ಬರುವ ಹಳೆ ಸೆಟ್‌ಗಳಲ್ಲಿ ಜಪಾನಿನ ಗಾಡಿಯಿಂದ ಬಿಚ್ಚಿದವು ಬಹಳ. ಅವುಗಳ ಡಿವಿಡಿಯಲ್ಲೋ ಹಾರ್ಡ್ ಡಿಸ್ಕಿನಲ್ಲೋ ಇರುವುದು ಜಪಾನಿನ ಮ್ಯಾಪ್, ಮೆನುವೂ ಜಪಾನಿ ಭಾಷೆಯದ್ದು. ರೇಡಿಯೋ 76ರಿಂದ 90 ಮೆಗಾಹರ್ಟ್ಜ್ ವರೆಗಿನದು, ಮಂಗಳೂರು ಆಕಾಶವಾಣಿಯ 100.3 ಕೂಡ ಅದರಲ್ಲಿ ಸಿಗದು. ಯುರೋಪಿನ ಗಾಡಿಯಿಂದ ಬಿಚ್ಚಿದ್ದಾದರೆ ಸೆಕ್ಯುರಿಟಿ ಕೋಡ್ ಕೇಳುತ್ತದೆ. ಕೆಲವು ಸೆಟ್‌ಗಳು ಗಾಡಿಯ ಒಳಗಿನ ಕಂಪ್ಯೂಟರುಗಳನ್ನು ಜೋಡಿಸುವ ಕ್ಯಾನ್ ಬಸ್‌ನಿಂದ ಸಂಕೇತ ಬಾರದೆ ಆನ್ ಆಗುವುದೇ ಇಲ್ಲ, ನಿಮ್ಮ ಗಾಡಿಯಲ್ಲಿ ಅದು ಇಲ್ಲ.

ಹಳೆ ಸೆಟ್‌ಗಳಲ್ಲಿ ತಾರೀಕಿನ ತೊಂದರೆಯೂ ಉಂಟು. ಜಿಪಿಎಸ್ ಉಪಗ್ರಹಗಳು ವಾರದ ಸಂಖ್ಯೆಯನ್ನು 0ಯಿಂದ 1023ರ ತನಕ ಎಣಿಸಿ ಮತ್ತೆ 0ಗೆ ಬರುತ್ತವೆ. 2019ರ ಏಪ್ರಿಲ್ 6ರ ರಾತ್ರಿ ಆ ಲೆಕ್ಕ ಸುತ್ತು ಹಾಕಿತು. ಸಾಫ್ಟ್‌ವೇರ್ ಹೊಸತು ಮಾಡದ ಸೆಟ್‌ಗಳು 1024 ವಾರ, ಅಂದರೆ 19 ವರ್ಷ 7 ತಿಂಗಳಿಗಿಂತ ಸ್ವಲ್ಪ ಹೆಚ್ಚು, ಹಿಂದಿನ ತಾರೀಕು ತೋರಿಸುತ್ತವೆ.

ಇನ್ನು ಒಂದು ಡಿನ್ ಜಾಗಕ್ಕೆ ಏನು ಹಾಕುವುದು. ಡಿನ್ ಅಂದರೆ ಮುಖ 180 × 50 ಮಿ.ಮೀ., ಡ್ಯಾಶ್‌ನಲ್ಲಿ ತೂತು 182 × 53 ಮಿ.ಮೀ. ಎರಡು ಡಿನ್ ಸೆಟ್ಟಿಗೆ ಎತ್ತರ 100 ಮಿ.ಮೀ. ಬೇಕು. ಕೆಳಗಿನ ಕಿಸೆ ಬಿಚ್ಚಿದರೆ ಅಷ್ಟು ಸಿಗುತ್ತದೋ ಸ್ಕೇಲ್ ಹಿಡಿದು ನೋಡಿ. ಸಿಗದಿದ್ದರೆ ದಯವಿಟ್ಟು ಡ್ಯಾಶ್ ಕೊಯ್ಯಬೇಡಿ. ಇಪ್ಪತ್ತು ವರ್ಷ ಬಿಸಿಲು ತಿಂದ ಪ್ಲಾಸ್ಟಿಕ್ ಒಮ್ಮೆ ಬಿರುಕು ಬಿಟ್ಟರೆ ಅಂಥದ್ದೇ ಇನ್ನೊಂದು ಹುಡುಕುವುದು ಸೆಟ್ಟಿಗಿಂತ ದೊಡ್ಡ ಕೆಲಸ.

ಒಳಗಿನಿಂದ ಮೋಟರಿನಲ್ಲಿ ಸ್ಕ್ರೀನ್ ಹೊರಗೆ ಬರುವ ಸೆಟ್ ಬೇಡ. ನಮ್ಮ ಹೊಂಡದ ದಾರಿಗೆ ಅದರ ಹಲ್ಲು, ರಿಬ್ಬನ್ ಕೇಬಲ್ ಎರಡೂ ತಾಳುವುದಿಲ್ಲ. ನನ್ನ ಮತ ತೇಲುವ ಸ್ಕ್ರೀನಿಗೆ: ದೇಹ ಒಂದು ಡಿನ್, ಮುಂದೆ ತೋಳಿನ ಮೇಲೆ 9 ಇಂಚಿನ ಸ್ಕ್ರೀನ್. ಕೊಳ್ಳುವ ಮೊದಲು 23 × 14 ಸೆಂ.ಮೀ. ಅಳತೆಗೆ ರಟ್ಟು ಕತ್ತರಿಸಿ ಸ್ಟೀರಿಯೋ ಮುಂದೆ ಟೇಪಿನಲ್ಲಿ ಅಂಟಿಸಿ. ಗಿಯರನ್ನು 1, 3, 5ಕ್ಕೆ ಹಾಕಿ ನೋಡಿ, ಲಿವರು ಮುಂದೆ ಹೋಗುವುದು ಆಗಲೇ. ಕೈಬೆರಳು ರಟ್ಟಿಗೆ ತಾಗುತ್ತದೋ? ಹಜಾರ್ಡ್ ಸ್ವಿಚ್ಚು, ಏಸಿ ಗುಬ್ಬಿಗಳು ಕೈಗೆ ಸಿಗುತ್ತವೋ? ಗಾಳಿ ಬರುವ ಕಿಂಡಿ ಪೂರ್ತಿ ಮುಚ್ಚಿತೋ? ತೊಂದರೆ ಇದ್ದರೆ 7 ಇಂಚಿಗೆ ಇಳಿಯಿರಿ. 10 ಇಂಚು ಈ ಡ್ಯಾಶಿಗೆ ಅತಿ.

ತೇಲುವ ಸ್ಕ್ರೀನಿನ ದೊಡ್ಡ ಶತ್ರು ಅಲುಗಾಟ. ತಗಡಿನ ತೋಳು-ಪಟ್ಟಿ ಮಡಚಿ ಮುಂದಿನಿಂದ ಮಾತ್ರ ಹಿಡಿಸಿದರೆ ಭಾರವೆಲ್ಲ ಡ್ಯಾಶಿನ ಅಂಚಿಗೆ ಬೀಳುತ್ತದೆ, ಕೆಲವು ತಿಂಗಳಲ್ಲಿ ಅಂಚು ಸೀಳುತ್ತದೆ. ಸೆಟ್ಟಿನ ಬೆನ್ನಿನಲ್ಲಿ ಒಂದು ಬೋಲ್ಟಿನ ತೂತು ಇರುತ್ತದೆ. ಅಲ್ಲಿಂದ ತೂತಿನ ತಗಡುಪಟ್ಟಿಯನ್ನು ಒಳಗಿನ ಗಟ್ಟಿ ಲೋಹದ ಭಾಗಕ್ಕೆ ಬಿಗಿಯಲೇಬೇಕು. ಫಿಟ್ ಮಾಡುವವರು ಹೆಚ್ಚಾಗಿ ಬಿಡುವುದು ಇದನ್ನೇ, ಎದುರು ನಿಂತು ಹೇಳಿ ಮಾಡಿಸಿ.

ಸೆಟ್ಟಿನ ಒಳಗೆ: ರ‍್ಯಾಮ್ 2 ಜಿಬಿ, ಸ್ಟೋರೇಜ್ 32 ಜಿಬಿ ಕನಿಷ್ಠ. 1 ಜಿಬಿಯದ್ದರಲ್ಲಿ ಮ್ಯಾಪೂ ಹಾಡೂ ಒಟ್ಟಿಗೆ ಓಡಿಸಿದರೆ ತಿರುವು ದಾಟಿದ ಮೇಲೆ ತಿರುಗಲಿಕ್ಕೆ ಹೇಳುತ್ತದೆ. ಹೆಸರಿಲ್ಲದ ಸೆಟ್‌ಗಳಲ್ಲಿ ಸೆಟ್ಟಿಂಗ್ಸ್ ತೋರಿಸುವ ರ‍್ಯಾಮ್ ಸುಳ್ಳಾಗಿರುವುದೂ ಉಂಟು, ಅಂಗಡಿಯಲ್ಲೇ ಹಾರ್ಡ್‌ವೇರ್ ತೋರಿಸುವ ಆ್ಯಪ್ ಹಾಕಿ ನೋಡಿ. ಬೆನ್ನಿನಲ್ಲಿ ಜಿಪಿಎಸ್‌ಗೆ ಪ್ರತ್ಯೇಕ ಸಾಕೆಟ್, ಜೊತೆಗೆ 3 ಮೀಟರ್ ವಯರಿನ ಆಂಟೆನಾ ಇರಬೇಕು.

ನಾವಿಕ್ ಇಲ್ಲದಿದ್ದರೂ ದಾರಿ ತಪ್ಪುವುದಿಲ್ಲ. ಅದು ಮೊದಲಿನಿಂದ 1176.45 ಮೆಗಾಹರ್ಟ್ಜ್‌ನ ಎಲ್5 ಮತ್ತು ಎಸ್ ಬ್ಯಾಂಡಿನಲ್ಲಿ ಕೆಲಸ ಮಾಡುವುದು. ಸಾಮಾನ್ಯ ಸೆಟ್‌ನ ಆಂಟೆನಾ ಕೇಳುವುದು 1575.42 ಮೆಗಾಹರ್ಟ್ಜ್‌ನ ಎಲ್1 ಮತ್ತು ಅದರ ಆಸುಪಾಸು ಮಾತ್ರ. 2023ರ ಮೇಯಲ್ಲಿ ಹಾರಿದ ಉಪಗ್ರಹ ಎನ್‌ವಿಎಸ್-01ರಿಂದ ನಾವಿಕ್ ಎಲ್1ರಲ್ಲೂ ಬಂದಿದೆ, ಆದರೆ ಸೆಟ್ಟಿನ ಚಿಪ್ಪಿಗೆ ಅದು ಗೊತ್ತಿರಬೇಕು. ಜಿಪಿಎಸ್ ಜೊತೆ ರಷ್ಯಾದ ಗ್ಲೋನಾಸ್ ಇದ್ದರೆ ಸಾಕು.


ಕಣಿಪುರ

ಇಷ್ಟೆಲ್ಲ ಯಾಕೆ? ಫೋನಿಗೆ ಗಟ್ಟಿ ಸ್ಟ್ಯಾಂಡ್, ಸಿಗರೇಟ್ ಸಾಕೆಟ್ಟಿಗೆ ಒಳ್ಳೆ ಚಾರ್ಜರ್ ಹಾಕಿದರೆ ಒಂದು ಡಿನ್ ಗಾಡಿಗೆ ಅದೇ ಸಾಕು. 2020ರ ಅಕ್ಟೋಬರಿನಿಂದ ದಾರಿ ನೋಡಲಿಕ್ಕೆ ಮಾತ್ರ, ಗಮನ ಕೆಡದ ಹಾಗೆ, ಫೋನ್ ಬಳಸಲು ನಿಯಮದಲ್ಲೇ ಅವಕಾಶ ಉಂಟು. ಕೈಯಲ್ಲಿ ಹಿಡಿದು ಓಡಿಸಿದರೆ ಕೇಸು ಆಗುತ್ತದೆ.


ಹಳೆಗಾಡಿ_ಉಪ್ಪಳ

ಕಣಿಪುರದವರು ಹೇಳಿದ್ದು ತಪ್ಪಲ್ಲ, ವರ್ಷಕ್ಕೆ ನಾಲ್ಕು ಸಲ ದೂರ ಹೋಗುವವರಿಗೆ ನಾನೂ ಅದನ್ನೇ ಹೇಳುವುದು. ಆದರೆ ಏಪ್ರಿಲ್–ಮೇ ಬಿಸಿಲಿಗೆ ಗಾಜಿನ ಕೆಳಗೆ ಚಾರ್ಜಿಗೆ ಹಾಕಿದ ಫೋನ್ ಕಾದು ಚಾರ್ಜಿಂಗ್ ನಿಲ್ಲಿಸುತ್ತದೆ, ಸ್ಕ್ರೀನ್ ಮಂಕಾಗುತ್ತದೆ. ಬ್ಯಾಟರಿ ಉಬ್ಬುವುದೂ ಹೀಗೆಯೇ. ಡ್ಯಾಶಿನಲ್ಲಿ ಕೂರುವ ಸೆಟ್ಟಿನೊಳಗೆ ಲಿಥಿಯಂ ಬ್ಯಾಟರಿ ಇಲ್ಲ, ಆ ಭಯವಿಲ್ಲ. ಫೋನೇ ಸಾಕು ಎಂದಾದರೆ ಗಾಜಿಗೆ ಅಂಟಿಸದೆ ಏಸಿ ಕಿಂಡಿಯ ಮುಂದೆ ಹಿಡಿಸಿ.


ಪಯಸ್ವಿನಿ

ವಯರಿನ ವಿಷಯ ನಾನು ಹೇಳುತ್ತೇನೆ. ಹಳೆ ಗಾಡಿಗೆ ಹೊಸ ಸೆಟ್ ಹಾಕಿ ಸರಿಯಾಗದಿದ್ದರೆ ಹತ್ತರಲ್ಲಿ ಎಂಟು ಸಲ ಸೆಟ್ ಕೆಟ್ಟದ್ದಲ್ಲ. ಕರೆಂಟ್ ಬರುವ ದಾರಿ, ಅರ್ತ್, ಆಂಟೆನಾ ಈ ಮೂರರಲ್ಲೇ ತಪ್ಪಿರುತ್ತದೆ.

ಟೇಪಿನ ಜಾಯಿಂಟಿಗೆ ಮತ್ತೊಂದು ಜಾಯಿಂಟ್ ಸೇರಿಸಬೇಡಿ. ಬಿಸಿಗೆ ಟೇಪಿನ ಅಂಟು ಕರಗಿ ಜಾರುತ್ತದೆ, ಕರಾವಳಿಯ ಉಪ್ಪುಗಾಳಿಗೆ ಒಳಗಿನ ತಾಮ್ರ ಹಸಿರುಗಟ್ಟಿರುತ್ತದೆ. ಹೊಳೆಯುವ ತಾಮ್ರ ಸಿಗುವ ತನಕ ಹಿಂದಕ್ಕೆ ಕತ್ತರಿಸಿ, ಅಲ್ಲಿ ಕ್ರಿಂಪ್ ಮಾಡಿ (ಲೋಹದ ಕೊಳವೆಯಲ್ಲಿ ಒತ್ತಿ ಸೇರಿಸಿ) ಹೀಟ್ ಶ್ರಿಂಕ್ (ಬಿಸಿಗೆ ಕುಗ್ಗಿ ಹಿಡಿಯುವ ಕೊಳವೆ) ಹಾಕಿ. ವಯರನ್ನು ಕಚ್ಚಿ ಹಿಡಿಯುವ ಪ್ಲಾಸ್ಟಿಕ್ ಕ್ಲಿಪ್ ಬೇಡ, ಒಂದು ಮಳೆಗಾಲ ಕಳೆಯುವಾಗ ಕೈಕೊಡುತ್ತದೆ. ಬೆಸುಗೆ ಹಾಕಬಹುದು, ಆದರೆ ಬೆಸುಗೆ ಮುಗಿಯುವ ಜಾಗದಲ್ಲಿ ವಯರು ಗಟ್ಟಿಯಾಗಿ ಕುಲುಕಾಟಕ್ಕೆ ತುಂಡಾಗುತ್ತದೆ, ಹಾಗಾಗಿ ಆ ಜಾಗವನ್ನು ಕಟ್ಟಿ ಹಿಡಿಸಬೇಕು.

ಯಾವ ವಯರು ಯಾವುದಕ್ಕೆ ಎಂದು ಗಾಡಿಯ ಬದಿಯ ಬಣ್ಣ ನೋಡಿ ನಂಬಬೇಡಿ. ಇಪ್ಪತ್ತು ವರ್ಷದಲ್ಲಿ ಎಷ್ಟು ಜನ ಕೈಹಾಕಿದ್ದಾರೋ. ಮಲ್ಟಿಮೀಟರ್ ಹಿಡಿಯಿರಿ. ಕೀ ತೆಗೆದಿದ್ದರೂ 12.4ರಿಂದ 12.7 ವೋಲ್ಟ್ ತೋರಿಸುವುದು ಖಾಯಂ ವಯರು, ಅದು ಸೆಟ್ಟಿನ ಹಳದಿಗೆ. ಕೀಯನ್ನು ಎಸಿಸಿಗೆ (ಎಂಜಿನ್ ಸ್ಟಾರ್ಟ್ ಆಗದೆ ಸ್ಟೀರಿಯೋಗೆ ಕರೆಂಟ್ ಬರುವ ಜಾಗಕ್ಕೆ) ತಿರುಗಿಸಿದಾಗ ಮಾತ್ರ 12 ಬರುವುದು ಕೆಂಪಿಗೆ. ಪಾರ್ಕ್ ಲೈಟ್ ಹಾಕಿದಾಗ ಬರುವುದು ಕಿತ್ತಳೆಗೆ, ರಾತ್ರಿ ಸ್ಕ್ರೀನ್ ತಾನಾಗಿ ಮಂಕಾಗುವುದು ಇದರಿಂದ. ಕಪ್ಪು ಅರ್ತ್. ನೀಲಿ ಎಂಬುದು ಸೆಟ್ಟಿನಿಂದ ಹೊರಗೆ ಹೋಗುವ 12 ವೋಲ್ಟ್, ಆಂಪ್ಲಿಫೈಯರಿಗೋ ಕರೆಂಟಿನ ರೇಡಿಯೋ ಆಂಟೆನಾಕ್ಕೋ. ಎರಡೂ ಇಲ್ಲದಿದ್ದರೆ ಅದರ ತುದಿ ಮುಚ್ಚಿ ಬಿಡಿ, ಗಾಡಿಯ ಬಾಡಿಯ ತಗಡಿಗೆ ತಾಗಿದರೆ ಸೆಟ್ಟಿನ ಒಳಗೆ ಸುಡುತ್ತದೆ.

ಹಳದಿಗೂ ಕೆಂಪಿಗೂ ಅದಲುಬದಲಾದರೆ ಪ್ರತಿ ಸಲ ಕೀ ತೆಗೆದಾಗ ಗಡಿಯಾರ, ರೇಡಿಯೋ ನೆನಪು ಎಲ್ಲ ಅಳಿಸಿಹೋಗುತ್ತದೆ. ಎರಡನ್ನೂ ಸೇರಿಸಿ ಖಾಯಂ ವಯರಿಗೇ ಕೊಟ್ಟರೆ ಸೆಟ್ ಮಲಗುವುದೇ ಇಲ್ಲ, ಮರುದಿನ ಬೆಳಿಗ್ಗೆ ಬ್ಯಾಟರಿ ಇಳಿದಿರುತ್ತದೆ. ಕೀಯ ಎಸಿಸಿ ವಯರು ಹುಡುಕಲಿಕ್ಕೆ ಪುರುಸೊತ್ತಿಲ್ಲದಾಗ ಕೆಲವರು ಈ ಎರಡನೆಯದನ್ನು ಮಾಡುವುದುಂಟು, ಒಪ್ಪಬೇಡಿ.

ಸ್ಪೀಕರಿನ ಬಣ್ಣ ಸೆಟ್ಟಿನ ಬದಿಯಲ್ಲಿ ಹೆಚ್ಚಾಗಿ ಒಂದೇ ಕ್ರಮ: ಬಿಳಿ ಮುಂದಿನ ಎಡ, ಬೂದು ಮುಂದಿನ ಬಲ, ಹಸಿರು ಹಿಂದಿನ ಎಡ, ನೇರಳೆ ಹಿಂದಿನ ಬಲ. ಕಪ್ಪು ಗೆರೆ ಇರುವುದು ಮೈನಸ್. ಈಗಿನ ಸೆಟ್‌ಗಳಲ್ಲಿ ಸ್ಪೀಕರಿನ ಎರಡು ವಯರಿನಲ್ಲೂ ಸುಮಾರು 6 ವೋಲ್ಟ್ ನಿಂತಿರುತ್ತದೆ. ಕೆಲವು ಹಳೆ ವಯರಿಂಗಿನಲ್ಲಿ ಸ್ಪೀಕರಿನ ಮೈನಸನ್ನು ಬಾಡಿಯ ತಗಡಿಗೆ ಸೇರಿಸಿರುತ್ತಾರೆ. ಹೊಸ ಸೆಟ್ಟನ್ನು ಅದಕ್ಕೆ ಸೇರಿಸಿದರೆ ಶಬ್ದ ಬರದು, ಅಥವಾ ಒಳಗಿನ ಆಂಪ್ಲಿಫೈಯರ್ ಹೋಗುತ್ತದೆ. ಸೆಟ್ ಬಿಚ್ಚಿದ ಮೇಲೆ ಪ್ರತಿ ಸ್ಪೀಕರ್ ವಯರಿನಿಂದ ಬಾಡಿಯ ತಗಡಿಗೆ ಓಮ್ಸ್ ನೋಡಿ. ಸಂಪರ್ಕ ತೋರಿಸಬಾರದು. ಒಂದು ಜೋಡಿಯ ನಡುವೆ ನೋಡಿದರೆ 3ರಿಂದ 4 ಓಮ್ಸ್ ಬರಬೇಕು.

ಖಾಯಂ ವಯರು ಹಳೆಯದೇ ಸಾಕೋ? ಸಾಕಾಗುವುದೋ ಇಲ್ಲವೋ ಎಂದು ಪರೀಕ್ಷೆ ಮಾಡಿ. ಹೆಡ್‌ಲೈಟಿನ ಒಂದು 55 ವ್ಯಾಟ್ ಬಲ್ಬನ್ನು ಆ ವಯರಿಗೂ ಬಾಡಿಗೂ ಕೊಡಿ, ಅದು ನಾಲ್ಕೂವರೆ ಆಂಪಿಯರ್ ಎಳೆಯುತ್ತದೆ. ಬಲ್ಬಿನಲ್ಲಿ ವೋಲ್ಟೇಜ್ ಬ್ಯಾಟರಿಗಿಂತ ಅರ್ಧ ವೋಲ್ಟಿಗಿಂತ ಹೆಚ್ಚು ಕಡಿಮೆ ಇದ್ದರೆ ಹೊಸದು ಎಳೆಯುವುದೇ ಸರಿ. ಬ್ಯಾಟರಿಯಿಂದ ಡ್ಯಾಶಿಗೆ ಸುಮಾರು 2.5 ಮೀಟರ್. 1.5 ಚ.ಮಿ.ಮೀ. ವಯರಿನಲ್ಲಿ 10 ಆಂಪಿಯರಿಗೆ ಸುಮಾರು 0.3 ವೋಲ್ಟ್ ಹೋಗುತ್ತದೆ, 2.5 ಚ.ಮಿ.ಮೀ.ಯದ್ದರಲ್ಲಿ 0.17. ದಪ್ಪದ್ದೇ ಹಾಕಿ. ಫ್ಯೂಸು ಬ್ಯಾಟರಿಯ ಹತ್ತಿರ, 15–20 ಸೆಂ.ಮೀ. ಒಳಗೆ ಇರಬೇಕು, ಸೆಟ್ಟಿನ ಬೆನ್ನಿನ ಫ್ಯೂಸು ಎಷ್ಟೋ ಅಷ್ಟೇ, ಹೆಚ್ಚಾಗಿ 10 ಅಥವಾ 15. ಎಂಜಿನ್ ಕಡೆಯಿಂದ ಒಳಗೆ ಬರುವ ತೂತಿನಲ್ಲಿ ರಬ್ಬರ್ ಬುಷ್ ಇಲ್ಲದಿದ್ದರೆ ತಗಡಿನ ಅಂಚು ವಯರನ್ನು ಕೊಯ್ಯುತ್ತದೆ. ಫ್ಯೂಸು ದೂರ ಇದ್ದರೆ ಬೆಂಕಿ ಅಲ್ಲಿಂದಲೇ.

ಅರ್ತ್‌ಗೆ ಪೇಂಟ್ ಕೆರೆದು ಬರೀ ಲೋಹಕ್ಕೆ ಲಗ್ (ವಯರಿನ ತುದಿಯ ಲೋಹದ ಬಳೆ) ಹಾಕಿ ಬಿಗಿಯಿರಿ, ಮೇಲಿಂದ ಸ್ವಲ್ಪ ಗ್ರೀಸು. ಸೆಟ್ ಜೋರಾಗಿ ಹಾಡುತ್ತಿರುವಾಗ ಆ ಲಗ್ಗಿನಿಂದ ಬ್ಯಾಟರಿ ಮೈನಸ್ಸಿಗೆ 0.1 ವೋಲ್ಟಿಗಿಂತ ಹೆಚ್ಚು ತೋರಿಸಬಾರದು. ಕೆಲಸ ಶುರು ಮಾಡುವ ಮೊದಲು 10 ನಂಬ್ರ ಸ್ಪ್ಯಾನರಿನಲ್ಲಿ ಬ್ಯಾಟರಿಯ ಮೈನಸ್ ಬಿಚ್ಚಿ. ಪರೀಕ್ಷೆಗೆ ಬೇಕಾದಾಗ ಮಾತ್ರ ಸೇರಿಸಿ.

ಶೆಡ್ಡಿನಲ್ಲಿ ಹದಿನೈದು ದಿನ ನಿಲ್ಲುವ ವಿಷಯ ತುಂಬ ಮುಖ್ಯ. ಆಂಡ್ರಾಯ್ಡ್ ಸೆಟ್‌ಗಳು ಕೀ ತೆಗೆದರೂ ಪೂರ್ತಿ ಆಫ್ ಆಗದೆ ಮಲಗುತ್ತವೆ. ಮೀಟರನ್ನು 10 ಆಂಪಿಯರ್ ರೇಂಜಿಗೆ ಹಾಕಿ ಬ್ಯಾಟರಿ ಮೈನಸ್ಸಿಗೂ ಅದರ ವಯರಿಗೂ ನಡುವೆ ಸೇರಿಸಿ, ಬಾಗಿಲುಗಳನ್ನು ಮುಚ್ಚಿ, ಅರ್ಧ ಗಂಟೆ ಬಿಟ್ಟು ನೋಡಿ. ಮೀಟರ್ ಸೇರಿಸಿದ ಮೇಲೆ ಸೆಲ್ಫ್ ಹೊಡೆಯಬಾರದು, ಮೀಟರಿನ ಫ್ಯೂಸು ಹೋಗುತ್ತದೆ. ಇಡೀ ಗಾಡಿಯದ್ದು 40 ಮಿಲಿ ಆಂಪಿಯರ್ ಒಳಗೆ ಇದ್ದರೆ 35 ಎಎಚ್ ಬ್ಯಾಟರಿ ಹದಿನೈದು ದಿನ ನಿಂತರೂ ಸ್ಟಾರ್ಟ್ ಆಗುತ್ತದೆ. 200 ಇದ್ದರೆ 175 ಗಂಟೆಗೆ, ಅಂದರೆ ಏಳು ದಿನಕ್ಕೆ, ಪೂರ್ತಿ ಖಾಲಿ. ಸೆಲ್ಫ್ ಎಳೆಯದಿರಲಿಕ್ಕೆ ಅದರ ಅರ್ಧವೇ ಬೇಕು. ಸೆಟ್ಟಿಂಗ್ಸ್‌ನಲ್ಲಿ ಕೀ ತೆಗೆದ ಮೇಲೆ ಎಷ್ಟು ಹೊತ್ತಿಗೆ ಪೂರ್ತಿ ಆಫ್ ಆಗಬೇಕೆಂದು ಕೇಳುವ ಜಾಗ ಇರುತ್ತದೆ, ಅದನ್ನು ಅತಿ ಕಡಿಮೆಗೆ ಇಡಿ. ಆಮೇಲೆ ಪ್ರತಿ ಸಲ ಆನ್ ಆಗಲಿಕ್ಕೆ ಅರ್ಧ ನಿಮಿಷ ಹೆಚ್ಚು ಬೇಕಾಗುತ್ತದೆ, ಅಷ್ಟೆ.


ಬದಿಯಡ್ಕ_ಎಸ್ಟೀಮ್

ಇಬ್ಬರಿಗೂ ತುಂಬ ಉಪಕಾರವಾಯಿತು. 9 ಇಂಚು, 2 ಜಿಬಿ/32 ಜಿಬಿ ಸೆಟ್ ಕೂರಿಸಿ ಆಯಿತು. ಹಳದಿ ವಯರು ಬ್ಯಾಟರಿಯಿಂದ 2.5 ಚ.ಮಿ.ಮೀ.ಯಲ್ಲಿ ಎಳೆದದ್ದು, ಮಲಗಿದಾಗ ಒಟ್ಟು 38 ಮಿಲಿ ಆಂಪಿಯರ್.

ಈಗ ಉಳಿದಿರುವ ತೊಂದರೆ: ಜಿಪಿಎಸ್ ಸಿಗಲಿಕ್ಕೆ 20 ನಿಮಿಷ. ಸಿಕ್ಕಿದ ಮೇಲೂ ತೋಟದ ನಡುವಿನ ದಾರಿಯಲ್ಲಿ ಗುರುತು ಪಕ್ಕದ ಗುಡ್ಡಕ್ಕೆ ಹಾರುತ್ತದೆ. ಡ್ಯಾಶ್‌ಕ್ಯಾಮ್ ಆನ್ ಇದ್ದರೆ ಏನೂ ಸಿಗುವುದಿಲ್ಲ. ಫೋನಿನಲ್ಲಿ ಸರಿ ತೋರಿಸುತ್ತದೆ, ಅದೇ ಫೋನನ್ನು ಆಂಡ್ರಾಯ್ಡ್ ಆಟೋಗೆ (ಫೋನಿನ ಮ್ಯಾಪನ್ನು ಸೆಟ್ಟಿನ ಸ್ಕ್ರೀನಿನಲ್ಲಿ ತೋರಿಸುವ ವ್ಯವಸ್ಥೆ) ಸೇರಿಸಿದರೆ ಅದೂ ತಪ್ಪು. ಜಿಪಿಎಸ್‌ಟೆಸ್ಟ್ ಆ್ಯಪಿನಲ್ಲಿ ಸಂಕೇತ 18ರಿಂದ 24 ತೋರಿಸುತ್ತದೆ. ಆಂಟೆನಾ ಎಲ್ಲಿ ಇಟ್ಟಿದ್ದಾರೆಂದು ಕಾಣುವುದಿಲ್ಲ.


ಹೊಸದುರ್ಗ_ತರಂಗ

ಕಾಣುವುದಿಲ್ಲ ಅಂದರೆ ಅದು ಸೆಟ್ಟಿನ ಬೆನ್ನಿಗೇ ಸುರುಳಿ ಸುತ್ತಿ ತುರುಕಿಟ್ಟದ್ದು. ಎಲ್ಲ ತೊಂದರೆಗೂ ಅದೊಂದೇ ಕಾರಣ ಆಗಿರುವ ಸಂಭವ ಹೆಚ್ಚು.

ಜಿಪಿಎಸ್ ಉಪಗ್ರಹ ಇರುವುದು 20,200 ಕಿ.ಮೀ. ಎತ್ತರದಲ್ಲಿ. ನೆಲಕ್ಕೆ ಮುಟ್ಟುವಾಗ ಅದರ ಸಂಕೇತ ಎಷ್ಟು ಕ್ಷೀಣ ಅಂದರೆ ಸುತ್ತಲಿನ ಸಾಮಾನ್ಯ ಗದ್ದಲದ ಮಟ್ಟಕ್ಕಿಂತಲೂ ಕೆಳಗೆ ಇರುತ್ತದೆ. ರಿಸೀವರ್ ಲೆಕ್ಕ ಹಾಕಿ ಅದನ್ನು ಹೆಕ್ಕಿ ತೆಗೆಯುವುದು. ಅಂಥದ್ದನ್ನು ಸ್ಟೀರಿಯೋದ ಕಬ್ಬಿಣದ ಪೆಟ್ಟಿಗೆಯ ಹಿಂದೆ, ಪ್ರೊಸೆಸರಿನ ಪಕ್ಕ ಇಟ್ಟರೆ ಹೇಗೆ ಸಿಗಬೇಕು?

ತೆರೆದ ಬಯಲಿನಲ್ಲಿ ಒಳ್ಳೆ ಆಂಟೆನಾಕ್ಕೆ 35ರಿಂದ 45 ಡಿಬಿ-ಹರ್ಟ್ಜ್ (ಆ್ಯಪ್ ಸಂಕೇತದ ಬಲ ತೋರಿಸುವ ಅಳತೆ) ಬರಬೇಕು. 25ಕ್ಕಿಂತ ಕೆಳಗಿನದ್ದು ಲೆಕ್ಕಕ್ಕಿಲ್ಲ. 20 ನಿಮಿಷದ ಕಾರಣವೂ ಇದರಲ್ಲೇ ಉಂಟು. ಪ್ರತಿ ಉಪಗ್ರಹ ತನ್ನ ಕಕ್ಷೆಯ ನಿಖರ ವಿವರವನ್ನು 30 ಸೆಕೆಂಡಿಗೊಮ್ಮೆ ಕಳಿಸುತ್ತದೆ. ನಡುವೆ ಸಂಕೇತ ತುಂಡಾದರೆ ಮುಂದಿನ ಸುತ್ತಿಗೆ ಕಾಯಬೇಕು. ಹೀಗೆ ಕನಿಷ್ಠ ನಾಲ್ಕು ಉಪಗ್ರಹಗಳದ್ದು ಪೂರ್ತಿಯಾಗಬೇಕು. ಕ್ಷೀಣ ಸಂಕೇತದಲ್ಲಿ ಓಡುತ್ತಾ ಇರುವ ಗಾಡಿಗೆ ಅದು ಮುಗಿಯುವುದೇ ಇಲ್ಲ. ಎಲ್ಲ ಉಪಗ್ರಹಗಳ ಒರಟು ಪಟ್ಟಿ ಬರಲಿಕ್ಕೆ 12.5 ನಿಮಿಷ. ಆದ್ದರಿಂದ ಆಂಟೆನಾ ಸರಿಮಾಡಿದ ಮೇಲೆ ಮೊದಲ ಸಲ ಮೈದಾನದ ಹಾಗಿರುವ ಜಾಗದಲ್ಲಿ ಗಾಡಿ ನಿಲ್ಲಿಸಿ ಕಾಲು ಗಂಟೆ ಬಿಡಿ.

ಎಲ್ಲಿ ಇಡುವುದು: ಡ್ಯಾಶಿನ ಮೇಲೆ, ಮುಂದಿನ ಗಾಜಿನ ಬುಡದಲ್ಲಿ, ಮೂಲೆಯ ಕಂಬದಿಂದ ಒಂದು ಗೇಣು ಒಳಗೆ. ಗಾಜಿಗೂ ಪ್ಲಾಸ್ಟಿಕ್ಕಿಗೂ ಈ ತರಂಗ ತಡೆಯಿಲ್ಲದೆ ದಾಟುತ್ತದೆ, ಲೋಹಕ್ಕೆ ದಾಟುವುದಿಲ್ಲ. ಲೋಹದ ಪುಡಿ ಇರುವ ಸನ್ ಫಿಲ್ಮ್ ಗಾಜಿಗೆ ಹಾಕಿದ್ದರೆ ಅದೂ ತಡೆಯೇ. ಮೇಲೆ ಕಾಣುವುದು ಬೇಡವಾದರೆ ಡ್ಯಾಶಿನ ಪ್ಲಾಸ್ಟಿಕ್ಕಿನ ಅಡಿಗೆ ಇಡಬಹುದು, ಆದರೆ ಅಲ್ಲಿ ಅಡ್ಡ ಹಾಯುವ ಕಬ್ಬಿಣದ ತೊಲೆಯ ಕೆಳಗೆ ಆಗಬಾರದು.

ಆಂಟೆನಾದ ಕಾಂತ ಇರುವ ಮುಖ ಕೆಳಗೆ, ಇನ್ನೊಂದು ಮುಖ ಆಕಾಶಕ್ಕೆ. ತಿರುವಿ ಅಂಟಿಸಿದ್ದನ್ನೂ ನೋಡಬಹುದು. ಒಳಗಿರುವುದು 25 × 25 ಮಿ.ಮೀ. ಪಿಂಗಾಣಿ ಬಿಲ್ಲೆ, ಅದರ ಅಡಿಗೆ ಲೋಹದ ತಳ ಸಿಕ್ಕಿದರೆ ಚೆನ್ನಾಗಿ ಕೆಲಸ ಮಾಡುತ್ತದೆ. 70 × 70 ಮಿ.ಮೀ. ಕಬ್ಬಿಣದ ತಗಡು, ಬಿಸ್ಕತ್ ಡಬ್ಬದ ಮುಚ್ಚಳದಿಂದ ಕತ್ತರಿಸಿದ್ದೂ ಆಗುತ್ತದೆ, ಅಂಚು ಉಜ್ಜಿ ಅದರ ನಡುವೆ ಕೂರಿಸಿ. ತಗಡನ್ನು ಡ್ಯಾಶಿಗೆ ಹಿಡಿಸಲಿಕ್ಕೆ ಗಾಡಿಗಳಿಗೆಂದೇ ಬರುವ ಬೂದು ಬಣ್ಣದ ಫೋಮ್ ಟೇಪು ಬೇಕು, ಮಾಮೂಲಿ ಎರಡು ಬದಿಯ ಟೇಪು ಬಿಸಿಲಿಗೆ ಬಿಡುತ್ತದೆ.

ಉಳಿದ ವಯರನ್ನು ಕತ್ತರಿಸಿ ಗಿಡ್ಡ ಮಾಡಬೇಡಿ. ಅಂಗೈ ಅಗಲದ ಸುರುಳಿ ಮಾಡಿ, ಕರೆಂಟಿನ ವಯರುಗಳಿಂದ ದೂರ ಕಟ್ಟಿ. ತಿರುಚಿ ಮಡಚಿದರೆ ಒಳಗಿನ ಕೂದಲಿನಂಥ ತಾಮ್ರ ತುಂಡಾಗುತ್ತದೆ.

ಜಾಗ ಬದಲಿಸಿದ ಮೇಲೂ ಒಂದೂ ಉಪಗ್ರಹ ಕಾಣದಿದ್ದರೆ ಸಾಕೆಟ್ ಪರೀಕ್ಷಿಸಿ. ಆಂಟೆನಾ ಬಿಚ್ಚಿ, ಸೆಟ್ ಆನ್ ಇರುವಾಗ ಸಾಕೆಟ್ಟಿನ ನಡುವಿನ ಸೂಜಿಗೂ ಹೊರಗಿನ ಲೋಹಕ್ಕೂ ಮೀಟರ್ ಹಿಡಿದರೆ 3ರಿಂದ 5 ವೋಲ್ಟ್ ಸಿಗಬೇಕು. ಆಂಟೆನಾದೊಳಗಿನ ಪುಟ್ಟ ಆಂಪ್ಲಿಫೈಯರ್ ಆ ಕರೆಂಟಿನಲ್ಲೇ ಓಡುವುದು. ಮೀಟರಿನ ಮೊನೆ ಎರಡನ್ನೂ ಒಟ್ಟಿಗೆ ತಾಗಿಸಿದರೆ ಶಾರ್ಟ್, ಜಾಗ್ರತೆ. ವೋಲ್ಟ್ ಉಂಟು, ಉಪಗ್ರಹ ಇಲ್ಲ ಎಂದಾದರೆ ಆಂಟೆನಾ ಬದಲಿಸಿ. ವೋಲ್ಟೇ ಇಲ್ಲದಿದ್ದರೆ ಸೆಟ್ಟನ್ನು ವಾರಂಟಿಗೆ ಕೊಡಿ.

ಡ್ಯಾಶ್‌ಕ್ಯಾಮ್: ಕಡಿಮೆ ಬೆಲೆಯ ಕ್ಯಾಮೆರಾ, ಯುಎಸ್‌ಬಿ ಚಾರ್ಜರುಗಳು 1575 ಮೆಗಾಹರ್ಟ್ಜ್ ಸುತ್ತ ಗದ್ದಲ ಉಗುಳುತ್ತವೆ. ಆ್ಯಪಿನಲ್ಲಿ ಅಂಕಿ ನೋಡುತ್ತಾ ಕ್ಯಾಮೆರಾದ ವಯರು ಎಳೆಯಿರಿ. ಅಂಕಿ ಕೂಡಲೇ 8–10 ಏರಿದರೆ ಅದೇ ಕಳ್ಳ. ಆಮೇಲೆ ಚಾರ್ಜರ್ ಮಾತ್ರ ಬದಲಿಸಿ ನೋಡಿ, ಬಹಳ ಸಲ ತಪ್ಪು ಕ್ಯಾಮೆರಾದ್ದಲ್ಲ. ಕ್ಯಾಮೆರಾದ್ದೇ ಆದರೆ ಅದು ಒಂದು ಬದಿಗೆ, ಆಂಟೆನಾ ಇನ್ನೊಂದು ಬದಿಗೆ, ಕನಿಷ್ಠ ಅರ್ಧ ಮೀಟರ್ ಅಂತರ. ಕ್ಯಾಮೆರಾದ ವಯರಿಗೆ ಎರಡು ತುದಿಯಲ್ಲೂ ಗದ್ದಲ ತಡೆಯುವ ಫೆರೈಟ್ ಗುಂಡು ಹಾಕಿ.

ಆಂಡ್ರಾಯ್ಡ್ ಆಟೋದಲ್ಲಿ ಫೋನೂ ತಪ್ಪುವುದೇಕೆಂದರೆ, ತನ್ನ ಜಿಪಿಎಸ್ ಮಾಹಿತಿಯನ್ನು ಫೋನಿಗೆ ಕಳಿಸುವ ಸೆಟ್ ಆಗಿದ್ದರೆ ಫೋನ್ ತನ್ನದನ್ನು ಬಿಟ್ಟು ಸೆಟ್ಟಿನದ್ದನ್ನು ನಂಬುತ್ತದೆ. ಸೆಟ್ಟಿನ ಆಂಟೆನಾ ಸರಿಯಾದರೆ ಅದೂ ಸರಿ.

ಅಡಿಕೆ ತೋಟದ ನಡುವೆ, ಅದರಲ್ಲೂ ಮಳೆಗೆ ಸೋಗೆ ಒದ್ದೆಯಾಗಿರುವಾಗ, ಸಂಕೇತ ಇಳಿಯುವುದು ಸಹಜ. ಇದನ್ನು ಪೂರ್ತಿ ತಪ್ಪಿಸಲಿಕ್ಕಾಗದು. 40ರಿಂದ ಇಳಿದು 30ಕ್ಕೆ ಬಂದರೆ ಗುರುತು ದಾರಿಯಲ್ಲೇ ಇರುತ್ತದೆ, 22ರಿಂದ ಇಳಿದರೆ ಗುಡ್ಡಕ್ಕೆ ಹಾರುತ್ತದೆ. ಇನ್ನೊಂದು ಕೆಲಸ: ಸೆಟ್ಟಿನ ಲೊಕೇಶನ್ ಸೆಟ್ಟಿಂಗಿನಲ್ಲಿ ವೈಫೈ ನೋಡಿ ಸ್ಥಳ ಊಹಿಸುವ ಆಯ್ಕೆ ಆಫ್ ಮಾಡಿ. ಊಹೆಗೂ ಉಪಗ್ರಹಕ್ಕೂ ತಾಳೆಯಾಗದಿದ್ದರೆ ಗುರುತು ಅತ್ತಿತ್ತ ಹಾರುತ್ತದೆ.


ನಕ್ಷೆಗಾರ

ಆಂಟೆನಾ ಸರಿಯಾಗುವಾಗ ಮ್ಯಾಪಿನ ಕೆಲಸವನ್ನೂ ಮಾಡಿಡಿ. ನೆಟ್ ಇಲ್ಲದ ದಾರಿಗೆ ಜನರೇ ಸೇರಿ ಬಿಡಿಸಿದ ಓಪನ್‌ಸ್ಟ್ರೀಟ್‌ಮ್ಯಾಪ್ ಆಧಾರದ ಆರ್ಗ್ಯಾನಿಕ್ ಮ್ಯಾಪ್ಸ್ ಅಥವಾ ಓಸ್‌ಮ್ಯಾಂಡ್ ಹಾಕಿ, ಪೂರ್ತಿ ಆಫ್‌ಲೈನ್ ಓಡುತ್ತವೆ. ಗಡಿನಾಡಿನವರು ಇದರಲ್ಲಿ ಒಂದು ತಪ್ಪು ಮಾಡುವುದುಂಟು: ಮ್ಯಾಪ್ ರಾಜ್ಯವಾರು ಇಳಿಯುತ್ತದೆ, ಕೇರಳ ಒಂದನ್ನೇ ಇಳಿಸಿ ಬಿಡುತ್ತಾರೆ. ಪೆರ್ಲ ದಾಟಿ ಅಡ್ಕಸ್ಥಳದ ಗಡಿ ಬಂದ ಕೂಡಲೇ ದಾರಿ ನಿಂತುಹೋಗುತ್ತದೆ. ನಿಮ್ಮ ಎರಡು ದಾರಿಗೂ ಕರ್ನಾಟಕದ್ದು ಬೇಕೇ ಬೇಕು. ಗೂಗಲ್ ಮ್ಯಾಪ್ಸ್ ಆಫ್‌ಲೈನ್ ಇಳಿಸುವುದಾದರೂ ಚೌಕವನ್ನು ಪುತ್ತೂರು, ಸುಳ್ಯ, ಮಂಗಳೂರು ಒಳಗೆ ಬರುವ ಹಾಗೆ ಎಳೆಯಿರಿ. ಅದಕ್ಕೆ ಅವಧಿ ಉಂಟು, ಆಗಾಗ ಮನೆಯ ವೈಫೈಯಲ್ಲಿ ಹೊಸತು ಮಾಡದಿದ್ದರೆ ಅಳಿಸಿಹೋಗುತ್ತದೆ.

ಹೆದ್ದಾರಿ 66ರಲ್ಲಿ ಮ್ಯಾಪನ್ನು ಅರ್ಧ ಮಾತ್ರ ನಂಬಿ. ತಲಪಾಡಿಯಿಂದ ಚೆಂಗಳದವರೆಗೆ ಆರು ಲೇನ್ ಆದ ಮೇಲೆ ಮೊದಲಿನ ಹಾಗೆ ಬೇಕಾದಲ್ಲಿ ಬಲಕ್ಕೆ ತಿರುಗಲಿಕ್ಕಿಲ್ಲ. ಸರ್ವಿಸ್ ರಸ್ತೆಗೆ ಇಳಿದು ಅಂಡರ್‌ಪಾಸ್ ಹಿಡಿಯಬೇಕು. ಹಳೆ ಮ್ಯಾಪ್ ತಡೆಗೋಡೆ ಇರುವಲ್ಲೇ ತಿರುಗಲಿಕ್ಕೆ ಹೇಳುತ್ತದೆ. ಜಿಪಿಎಸ್ಸಿನ ತಪ್ಪು ಕೆಲವು ಮೀಟರ್ ಇದ್ದೇ ಇರುತ್ತದೆ, ಮುಖ್ಯ ರಸ್ತೆಯೋ ಪಕ್ಕದ ಸರ್ವಿಸ್ ರಸ್ತೆಯೋ ಎಂದು ಸೆಟ್ಟಿಗೆ ಖಚಿತವಾಗಿ ಗೊತ್ತಾಗದು. ಕಾಸರಗೋಡು ಪೇಟೆಯ ಮೇಲ್ಸೇತುವೆಯಲ್ಲಿ ಮೇಲೆಯೋ ಕೆಳಗೆಯೋ ಎಂಬುದೂ ಹಾಗೆಯೇ. ಬೋರ್ಡು ನೋಡಿ, ಒಂದು ಕಿಲೋಮೀಟರ್ ಮೊದಲೇ ಇಳಿಯುವ ಜಾಗ ಗೊತ್ತುಮಾಡಿಕೊಳ್ಳಿ.

ಊರಿನ ಹೆಸರು ನಮ್ಮಲ್ಲಿ ದೊಡ್ಡ ತಲೆನೋವು. ಕನ್ನಡದಲ್ಲಿ ಒಂದು, ಮಲಯಾಳದಲ್ಲಿ ಒಂದು, ಇಂಗ್ಲಿಷಿನಲ್ಲಿ ಎರಡು ಮೂರು. ಬದಿಯಡ್ಕ ಬದಿಯಡುಕ್ಕ ಆಗಿರುತ್ತದೆ, ಕುಂಬಳೆ ಕುಂಬ್ಳ, ಮಂಜೇಶ್ವರ ಮಂಜೇಶ್ವರಂ. ಹೊಸದುರ್ಗ ಎಂದು ಹುಡುಕಿದರೆ ಚಿತ್ರದುರ್ಗ ಜಿಲ್ಲೆಯದ್ದು ಮೊದಲು ಬರಬಹುದು, ಕಾಞಂಗಾಡು ಎಂದು ಹುಡುಕಿ. ಓಪನ್‌ಸ್ಟ್ರೀಟ್‌ಮ್ಯಾಪಿನಲ್ಲಿ ಪ್ರತಿ ಊರಿಗೂ ಕನ್ನಡ ಹೆಸರಿಗೇ ಬೇರೆ ಜಾಗ ಉಂಟು, ಯಾರು ಬೇಕಾದರೂ ಸೇರಿಸಬಹುದು. ನಿಮ್ಮ ಊರಿನ ಅಡ್ಕ, ಮೂಲೆ, ಕಟ್ಟೆ, ಭಜನಾಮಂದಿರಗಳ ಹೆಸರನ್ನು ದಯವಿಟ್ಟು ಕನ್ನಡದಲ್ಲಿ ಸೇರಿಸಿ. ಹಾಗೆ ಸೇರಿಸದ ಹೆಸರು ಕನ್ನಡದಲ್ಲಿ ಹುಡುಕುವವನಿಗೆ ಸಿಗುವುದೇ ಇಲ್ಲ.

ತೋಟದ ಮನೆಗಳಿಗೆ ಅಕ್ಷಾಂಶ ರೇಖಾಂಶವೇ ನಂಬಿಕೆಯದ್ದು. ಹಾಕುವಾಗ ದಶಾಂಶವೋ ಡಿಗ್ರಿ-ಮಿನಿಟೋ ಎಂದು ನೋಡಿ. ಕಾಸರಗೋಡಿನ ಅಕ್ಷಾಂಶ ಸುಮಾರು 12.50. ಅದನ್ನು 12 ಡಿಗ್ರಿ 50 ಮಿನಿಟ್ ಎಂದು ಹಾಕಿದರೆ 37 ಕಿ.ಮೀ. ಉತ್ತರಕ್ಕೆ, ಗಡಿ ದಾಟಿ ದಕ್ಷಿಣ ಕನ್ನಡದೊಳಗೆ ಹೋಗಿ ನಿಲ್ಲುತ್ತದೆ.

ಕನ್ನಡದಲ್ಲಿ ದಾರಿ ಹೇಳಿಸಲಿಕ್ಕೆ ಸೆಟ್ಟಿನಲ್ಲಿ ಗೂಗಲಿನ ಟೆಕ್ಸ್ಟ್ ಟು ಸ್ಪೀಚ್ ಆ್ಯಪ್ ಇರಬೇಕು, ಅದರೊಳಗೆ ಕನ್ನಡ ದನಿ ಬೇರೆಯಾಗಿ ಇಳಿಸಬೇಕು. ಅನೇಕ ಸೆಟ್‌ಗಳಲ್ಲಿ ಇಂಗ್ಲಿಷ್, ಚೀನೀ ದನಿ ಮಾತ್ರ ಬರುತ್ತದೆ. ಅದರ ನಂತರ ಮ್ಯಾಪಿನ ನ್ಯಾವಿಗೇಷನ್ ಸೆಟ್ಟಿಂಗಿನಲ್ಲಿ ದನಿಗೆ ಕನ್ನಡ ಆರಿಸಿ. ಇದನ್ನು ನೆಟ್ ಇರುವಾಗಲೇ ಮುಗಿಸಿ.

ಪಾಣತ್ತೂರು–ಕರಿಕೆ–ಭಾಗಮಂಡಲದಂಥ ದಾರಿಗೆ ಹೋಗುವಾಗ ‘ಹತ್ತಿರದ ದಾರಿ’ ಆಯ್ಕೆ ಬೇಡ, ‘ಬೇಗದ ದಾರಿ’ ಇಡಿ, ಮಣ್ಣಿನ ದಾರಿ ಬೇಡ ಎಂಬುದನ್ನೂ ಆರಿಸಿ. ಇಲ್ಲದಿದ್ದರೆ ತೋಟದೊಳಗಿನ ಕಡಿದಾದ ಕಾಂಕ್ರೀಟು ಓಣಿಗೆ ನುಗ್ಗಿಸುತ್ತದೆ.


ಬದಿಯಡ್ಕ_ಎಸ್ಟೀಮ್

ಹೇಳಿದ ಹಾಗೆಯೇ ಇತ್ತು, ಆಂಟೆನಾ ಸೆಟ್ಟಿನ ಬೆನ್ನಿಗೆ ಕಟ್ಟಿತ್ತು. ತಗಡಿನ ಮೇಲೆ ಗಾಜಿನ ಬುಡಕ್ಕೆ ತಂದೆ. ಈಗ 36ರಿಂದ 43, ಒಂದು ನಿಮಿಷದೊಳಗೆ ಸಿಗುತ್ತದೆ. ಡ್ಯಾಶ್‌ಕ್ಯಾಮ್ ಹಾಕಿದರೆ 30ಕ್ಕೆ ಇಳಿಯುವುದುಂಟು, ಚಾರ್ಜರ್ ಬದಲಿಸಿ ನೋಡುತ್ತೇನೆ. ಒಂದೇ ಪ್ರಶ್ನೆ ಉಳಿದಿದೆ: ಸೆಲ್ಫ್ ಹೊಡೆಯುವಾಗ ಕೆಲವೊಮ್ಮೆ ಸೆಟ್ ಪೂರ್ತಿ ರೀಸ್ಟಾರ್ಟ್ ಆಗುತ್ತದೆ.


ಪಯಸ್ವಿನಿ

ಸೆಲ್ಫ್ ಹೊಡೆಯುವಾಗ ಕೆಂಪು ವಯರಿನ ಕರೆಂಟ್ ಹೋಗುವುದು ಸಹಜ, ಅದಕ್ಕೆ ಸ್ಕ್ರೀನ್ ಕ್ಷಣ ಕಪ್ಪಾಗಿ ಅದೇ ಮ್ಯಾಪಿಗೆ ಹಿಂದೆ ಬರಬೇಕು. ಮೊದಲಿನಿಂದ ಬೂಟ್ ಆದರೆ ಹಳದಿಯಲ್ಲಿ ವೋಲ್ಟೇಜ್ ಬೀಳುತ್ತಿದೆ. ಒಬ್ಬರು ಸೆಲ್ಫ್ ಹೊಡೆಯಲಿ, ಇನ್ನೊಬ್ಬರು ಬ್ಯಾಟರಿಯ ಎರಡು ಕಂಬಕ್ಕೆ ಮೀಟರ್ ಹಿಡಿಯಲಿ. 9.6 ವೋಲ್ಟಿಗಿಂತ ಕೆಳಗೆ ಹೋದರೆ ಬ್ಯಾಟರಿ ದುರ್ಬಲ. ಬ್ಯಾಟರಿಯಲ್ಲಿ 10.5 ಉಂಟು, ಸೆಟ್ಟಿನ ಹಳದಿ–ಕಪ್ಪಿನ ನಡುವೆ 9 ಎಂದಾದರೆ ಅರ್ತ್. ಎಂಜಿನ್ನಿನಿಂದ ಬಾಡಿಗೆ ಬರುವ ದಪ್ಪ ಅರ್ತ್ ಪಟ್ಟಿ ಹಳೆ ಗಾಡಿಗಳಲ್ಲಿ ತುಕ್ಕು ಹಿಡಿದಿರುತ್ತದೆ. ಎರಡೂ ತುದಿ ಬಿಚ್ಚಿ, ಮರಳುಕಾಗದದಲ್ಲಿ ಉಜ್ಜಿ, ಬಿಗಿದು, ಗ್ರೀಸು ಹಚ್ಚಿ ಮತ್ತೆ ಅಳೆಯಿರಿ. ಅಳತೆ ಇಲ್ಲಿ ಹಾಕಿ.